ಎರಡು ಮಾನಿಟರ್ ಹತ್ತುತ್ತವೆ, ಮೂರನೆಯದು ಹತ್ತುವುದಿಲ್ಲ: ಬಹು ಮಾನಿಟರ್ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹೊಂದಿಸುವ ದೋಷ ನಿವಾರಣೆ ಕೈಪಿಡಿ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳ ಡ್ರಾಯಿಂಗ್ ಆಫೀಸುಗಳಲ್ಲಿ ಒಂದು ಪರದೆಯ ಮೇಲೆ ಕ್ಯಾಡ್ ನಕ್ಷೆ, ಪಕ್ಕದ್ದರ ಮೇಲೆ ಗಿರಾಕಿ ಕಳಿಸಿದ ಪಿಡಿಎಫ್, ಮೂರನೆಯದರ ಮೇಲೆ ಎಕ್ಸೆಲ್ ಹಾಳೆ ತೆರೆದಿಟ್ಟುಕೊಂಡು ಕೆಲಸ ಮಾಡುವುದು ಈಗ ಸಾಮಾನ್ಯವಾಗಿದೆ. ಬಾಗಲಕೋಟೆ, ವಿಜಯಪುರಗಳ ಫೋಟೊ ಸ್ಟುಡಿಯೊಗಳಲ್ಲಿ ಮದುವೆ ಆಲ್ಬಂ ಜೋಡಿಸುವವರೂ ಷೇರು ವ್ಯವಹಾರ ಮಾಡುವವರೂ ಇದೇ ದಾರಿ ಹಿಡಿದಿದ್ದಾರೆ. ಇಂಥ ಕಡೆ ಒಂದು ಪರದೆ ಕಪ್ಪಾದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ‘ಕಾರ್ಡ್ ಹೋಗಿದೆ’ ಎಂಬುದು. ಬಹಳಷ್ಟು ಸಲ ಕಾರ್ಡ್ ಕೆಟ್ಟಿರುವುದಿಲ್ಲ. ಕಾರ್ಡ್, ಕೇಬಲ್, ಮಾನಿಟರ್ ಈ ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೊಳ್ಳುವಾಗ ಯಾರೂ ನೋಡಿರುವುದಿಲ್ಲ. ಆದ್ದರಿಂದ ಈ ಕೈಪಿಡಿ ಕಣ್ಣಿಗೆ ಕಾಣುವ ಲಕ್ಷಣದಿಂದ ಹೊರಟು, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿಸಿ, ಹೊಸ ಕಾರ್ಡ್ ಕೊಳ್ಳುವ ಮಾತನ್ನು ಕೊನೆಗೆ ಇಡುತ್ತದೆ.

ಕೈ ಹಾಕುವ ಮುನ್ನ

ಒಂದು ಹಾಳೆಯ ಮೇಲೆ ನಾಲ್ಕು ವಿವರಗಳನ್ನು ಬರೆದುಕೊಳ್ಳಬೇಕು: ಪ್ರತಿ ಮಾನಿಟರಿನ ಹಿಂದೆ ಯಾವ ಯಾವ ಪೋರ್ಟ್‌ಗಳಿವೆ, ಅದರ ರೆಸಲ್ಯೂಷನ್ ಎಷ್ಟು, ಕಾರ್ಡಿನ ಪೂರ್ಣ ಮಾದರಿ ಹೆಸರು ಯಾವುದು, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಒಳಗಿನ ಪೆಟ್ಟಿಗೆ) ಮೇಲಿನ ಚೀಟಿಯಲ್ಲಿ ಎಷ್ಟು ವ್ಯಾಟ್ ಎಂದಿದೆ. ಕಾರ್ಡಿನ ಹೆಸರು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಡಿಸ್‌ಪ್ಲೇ ಅಡಾಪ್ಟರ್ಸ್’ ಎಂಬಲ್ಲಿ ಸಿಗುತ್ತದೆ. ‘2 ಜಿಬಿ ಕಾರ್ಡ್’ ಎಂಬುದು ಮಾದರಿಯ ಹೆಸರಲ್ಲ, ಮತ್ತು ಎಷ್ಟು ಮಾನಿಟರ್ ನಡೆಯುತ್ತವೆ ಎಂಬುದಕ್ಕೂ ಆ ಜಿಬಿ ಲೆಕ್ಕಕ್ಕೂ ನೇರ ಸಂಬಂಧವಿಲ್ಲ.

ಕ್ಯಾಬಿನೆಟ್ ತೆರೆಯುವುದಾದರೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಿ ಪಿನ್ನನ್ನು ಸಾಕೆಟ್‌ನಿಂದ ಕಿತ್ತಿಡಬೇಕು. ಗೋಡೆಯ ಸ್ವಿಚ್ ಆರಿಸಿದ್ದರೂ ಯುಪಿಎಸ್‌ನಿಂದ ಕರೆಂಟ್ ಬರುತ್ತಿರಬಹುದು ಎಂಬುದನ್ನು ಮರೆಯಬಾರದು. ಪಿನ್ ಕಿತ್ತ ಮೇಲೆ ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ, ಆಮೇಲೆ ಒಳಗೆ ಕೈ ಹಾಕಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಾಗಲಿ ಮಾನಿಟರಿನ ಹಿಂಬದಿಯನ್ನಾಗಲಿ ಮನೆಯಲ್ಲಿ ಬಿಚ್ಚುವಂತಿಲ್ಲ. ಪಿನ್ ಕಿತ್ತ ಮೇಲೂ ಅವುಗಳೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಲಕ್ಷಣ: ಒಂದು ಮಾನಿಟರ್‌ನಲ್ಲಿ ಚಿತ್ರವೇ ಇಲ್ಲ

ಪರದೆ ಕಪ್ಪಾಗಿದೆ ಎಂದರೆ ಸಾಲದು, ಅದು ಏನು ಹೇಳುತ್ತಿದೆ ಎಂದು ನೋಡಬೇಕು. ಪವರ್ ದೀಪವೇ ಇಲ್ಲದಿದ್ದರೆ ದೋಷ ಮಾನಿಟರಿನ ಅಡಾಪ್ಟರ್ ಅಥವಾ ಸಾಕೆಟ್‌ನಲ್ಲಿದೆ, ಕಾರ್ಡಿನ ಮಾತೇ ಬರುವುದಿಲ್ಲ. ‘ನೋ ಸಿಗ್ನಲ್’ ಎಂದು ತೋರಿಸಿದರೆ ಮಾನಿಟರ್ ಬಹುತೇಕ ಸರಿಯಾಗಿದೆ, ಅದಕ್ಕೆ ಏನೂ ಬಂದು ಮುಟ್ಟುತ್ತಿಲ್ಲ. ‘ಔಟ್ ಆಫ್ ರೇಂಜ್’ ಎಂದರೆ ಸಿಗ್ನಲ್ ಬರುತ್ತಿದೆ, ಆದರೆ ರೆಸಲ್ಯೂಷನ್ ಅಥವಾ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬ ಲೆಕ್ಕ) ಆ ಮಾನಿಟರಿನ ಶಕ್ತಿಯನ್ನು ಮೀರಿದೆ. ಬೇರೆ ಮಾನಿಟರಿನ ಮೇಲೆ ವಿಂಡೋಸ್ ತೆರೆದು ಅದನ್ನು ಇಳಿಸಿದರೆ ಸಾಕು.

‘ನೋ ಸಿಗ್ನಲ್’ ಇದ್ದಾಗ ಮೊದಲು ಮಾನಿಟರಿನ ಗುಂಡಿಯಿಂದ ಇನ್‌ಪುಟ್ ಸರಿಯಾಗಿದೆಯೇ ನೋಡಬೇಕು; ಕೇಬಲ್ ಎಚ್‌ಡಿಎಂಐಗೆ ಇದ್ದು ಮಾನಿಟರ್ ವಿಜಿಎ ಮೇಲೆ ಕಾದು ಕುಳಿತಿರುವುದು ತೀರಾ ಸಾಮಾನ್ಯ. ಆಮೇಲೆ ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಬೇಕು. ಅದಕ್ಕೂ ಜಗ್ಗದಿದ್ದರೆ ಹತ್ತುತ್ತಿರುವ ಮಾನಿಟರಿನ ಕೇಬಲ್ಲನ್ನು ಹತ್ತದ ಮಾನಿಟರಿಗೆ, ಇದರದ್ದನ್ನು ಅದಕ್ಕೆ ಅದಲುಬದಲು ಮಾಡಬೇಕು, ಆಮೇಲೆ ಕಂಪ್ಯೂಟರಿನ ತುದಿಯಲ್ಲೂ ಹಾಗೆಯೇ ಮಾಡಿ ನೋಡಬೇಕು. ದೋಷ ಕೇಬಲ್ ಜೊತೆ ಹೋದರೆ ಕೇಬಲ್ ಕೆಟ್ಟಿದೆ, ಮಾನಿಟರ್ ಜೊತೆಯೇ ಉಳಿದರೆ ಮಾನಿಟರ್ ಕೆಟ್ಟಿದೆ, ಎರಡೂ ಅಲ್ಲದೆ ಕಂಪ್ಯೂಟರಿನ ಒಂದೇ ಪೋರ್ಟಿಗೆ ಅಂಟಿಕೊಂಡಿದ್ದರೆ ಆ ಪೋರ್ಟಿನ ಮೇಲೆ ಸಂಶಯಪಡಬೇಕು. ದುಡ್ಡಿಲ್ಲದ ಈ ಪರೀಕ್ಷೆ ಅರ್ಧಕ್ಕಿಂತ ಹೆಚ್ಚು ಗೊಂದಲವನ್ನು ಅಲ್ಲೇ ಮುಗಿಸುತ್ತದೆ.

ಪೋರ್ಟಿನ ಮೇಲೆ ಸಂಶಯ ಬಂದಾಗ ಕ್ಯಾಬಿನೆಟ್‌ನ ಬೆನ್ನನ್ನು ತಿರುಗಿಸಿ ನೋಡಬೇಕು. ಯುಎಸ್‌ಬಿ, ಲ್ಯಾನ್, ಆಡಿಯೊ ಕಿಂಡಿಗಳ ಪಕ್ಕದಲ್ಲಿರುವ ಎಚ್‌ಡಿಎಂಐ ಮತ್ತು ವಿಜಿಎ ಮದರ್‌ಬೋರ್ಡಿನವು. ಅವುಗಳ ಕೆಳಗೆ ಪ್ರತ್ಯೇಕ ಲೋಹದ ಪಟ್ಟಿಯಲ್ಲಿ ಸಾಲಾಗಿರುವವು ಕಾರ್ಡಿನವು. ಕಾರ್ಡ್ ಹಾಕಿದ ಮೇಲೆ ಅನೇಕ ಮದರ್‌ಬೋರ್ಡುಗಳು ತಮ್ಮ ಪೋರ್ಟುಗಳನ್ನು ತಾವೇ ಬಂದ್ ಮಾಡುತ್ತವೆ. ಅಲ್ಲಿಗೆ ಹಚ್ಚಿದ ಮಾನಿಟರ್ ಕಪ್ಪಾಗಿ ಉಳಿಯುವುದು ದೋಷವಲ್ಲ. ಇನ್ನೊಂದು ಸಣ್ಣ ಸಂಗತಿ: ಹೊಸ ಕಾರ್ಡಿನ ಡಿಸ್‌ಪ್ಲೇಪೋರ್ಟ್ ಕಿಂಡಿಗಳಿಗೆ ಬಣ್ಣ ಬೇರೆಯಾಗಿರದ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಅದನ್ನು ತೆಗೆಯದೆ ಕೇಬಲ್ಲನ್ನು ಒತ್ತಿ ತುರುಕಲು ಹೋಗುವವರಿದ್ದಾರೆ. ಕೀಳುವಾಗಲೂ ಅಷ್ಟೇ, ಡಿಸ್‌ಪ್ಲೇಪೋರ್ಟ್ ಕೇಬಲ್ಲಿನ ತಲೆಯ ಮೇಲೆ ಒಂದು ಗುಂಡಿ ಇದ್ದರೆ ಅದನ್ನು ಒತ್ತಿದಾಗ ಮಾತ್ರ ಎರಡು ಸಣ್ಣ ಕೊಕ್ಕೆಗಳು ಒಳಗೆ ಸರಿಯುತ್ತವೆ. ಒತ್ತದೆ ಜಗ್ಗಿದರೆ ಕಾರ್ಡಿನ ಪೋರ್ಟೇ ಕಿತ್ತು ಬರುತ್ತದೆ.

ಲಕ್ಷಣ: ಯಾವುದಾದರೂ ಎರಡು ಹತ್ತುತ್ತವೆ, ಮೂರನೆಯದನ್ನು ಹಚ್ಚಿದರೆ ಒಂದು ಆರುತ್ತದೆ

ಈ ಲಕ್ಷಣವನ್ನು ಸರಿಯಾಗಿ ಗುರುತಿಸುವುದು ಮುಖ್ಯ. ಮೂರು ಮಾನಿಟರುಗಳೂ ಒಂಟಿಯಾಗಿ ಹಚ್ಚಿದಾಗ ಹತ್ತುತ್ತವೆ, ಯಾವುದೇ ಜೋಡಿಯಾದರೂ ನಡೆಯುತ್ತದೆ, ಮೂರನ್ನೂ ಸೇರಿಸಿದಾಗ ಮಾತ್ರ ಒಂದು ಹೊರಗುಳಿಯುತ್ತದೆ ಎಂದಾದರೆ ಯಾವ ಭಾಗವೂ ಕೆಟ್ಟಿಲ್ಲ. ಕಾರ್ಡಿನ ಮಿತಿ ಮುಗಿದಿದೆ. ಕಾರ್ಡಿನ ಹಿಂದೆ ಎಷ್ಟು ಕಿಂಡಿಗಳಿವೆ ಎಂಬುದು ಒಂದು ಲೆಕ್ಕ, ಒಂದೇ ಹೊತ್ತಿಗೆ ಎಷ್ಟು ಪರದೆಗಳನ್ನು ನಡೆಸಬಲ್ಲದು ಎಂಬುದು ಬೇರೆಯೇ ಲೆಕ್ಕ. ಅಂಗಡಿಯಲ್ಲಿ ಮೊದಲನೆಯದನ್ನು ಬೆರಳು ಮಾಡಿ ತೋರಿಸುತ್ತಾರೆ. ಎರಡನೆಯದು ತಯಾರಕರ ವಿವರಪಟ್ಟಿಯಲ್ಲಿ ‘ಮ್ಯಾಕ್ಸಿಮಮ್ ಡಿಸ್‌ಪ್ಲೇಸ್’ ಎಂಬ ಸಾಲಿನಲ್ಲಿ ಮಾತ್ರ ಸಿಗುತ್ತದೆ.

ಎನ್‌ವಿಡಿಯಾದ 400 ಮತ್ತು 500 ಸರಣಿಯ ಹಳೆಯ ಜಿಟಿಎಕ್ಸ್ ಕಾರ್ಡುಗಳು ಕಿಂಡಿಗಳು ಮೂರಿದ್ದರೂ ಎರಡೇ ಪರದೆ ನಡೆಸುತ್ತವೆ. 2009ರಲ್ಲಿ ಬಂದ ಎಎಂಡಿಯ ಎಚ್‌ಡಿ 5000 ಸರಣಿಯಿಂದ ಶುರುವಾಗಿ ಕೆಲವು ತಲೆಮಾರಿನ ರೇಡಿಯಾನ್ ಕಾರ್ಡುಗಳು ಮೂರು ಅಥವಾ ಹೆಚ್ಚು ಪರದೆ ನಡೆಸಬಲ್ಲವು, ಆದರೆ ಅವುಗಳಿಗೊಂದು ಷರತ್ತಿದೆ. ಎಚ್‌ಡಿಎಂಐ, ಡಿವಿಐ, ವಿಜಿಎಗಳಿಗೆ ಬೇಕಾದ ಗಡಿಯಾರ ಸಂಕೇತದ (ಚಿತ್ರ ಕಳಿಸುವ ಲಯ ಹಿಡಿಯುವ ಕ್ಲಾಕ್ ಸಿಗ್ನಲ್) ಮೂಲ ಆ ಕಾರ್ಡುಗಳಲ್ಲಿ ಎರಡೇ ಇರುವುದರಿಂದ ಮೂರನೇ ಮಾನಿಟರ್ ಡಿಸ್‌ಪ್ಲೇಪೋರ್ಟ್ ಮೂಲಕವೇ ಹೋಗಬೇಕು. ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್ ಇಲ್ಲದಿದ್ದರೆ ಅಲ್ಲಿ ಆಕ್ಟಿವ್ ಕನ್ವರ್ಟರ್, ಅಂದರೆ ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು. ಹೊಸ ಕಾರ್ಡ್ ಆದರೆ ಈ ಚಿಂತೆ ಇಲ್ಲ ಎಂದು ತಿಳಿಯುವುದೂ ತಪ್ಪು. 2022ರಲ್ಲಿ ಬಂದ ಆರ್‌ಎಕ್ಸ್ 6400ಕ್ಕೆ ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್ ಅಷ್ಟೇ ಇದ್ದು ಅದು ಎರಡೇ ಪರದೆಗಳ ಕಾರ್ಡ್. ಜಿಟಿ 1030ರ ಕಥೆಯೂ ಎರಡಕ್ಕೇ ಮುಗಿಯುತ್ತದೆ.

ಹೊಸ ಕಾರ್ಡ್ ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ದಾರಿ ಉಳಿದಿದೆ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಮೂರನೇ ಮಾನಿಟರನ್ನು ಮದರ್‌ಬೋರ್ಡಿನ ಪೋರ್ಟಿಗೆ ಹಚ್ಚಿ, ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ‘ಐಜಿಪಿಯು ಮಲ್ಟಿ ಮಾನಿಟರ್’ ಅಥವಾ ಅದಕ್ಕೆ ಹತ್ತಿರದ ಹೆಸರಿನ ಆಯ್ಕೆಯನ್ನು ‘ಎನೇಬಲ್’ ಮಾಡಬೇಕು. ಆಗ ಎರಡು ಪರದೆ ಕಾರ್ಡಿನ ಮೇಲೆ, ಒಂದು ಪ್ರೊಸೆಸರಿನ ಮೇಲೆ ನಡೆಯುತ್ತವೆ. ಕ್ಯಾಡ್ ಅಥವಾ ಫೋಟೊಶಾಪ್ ಓಡುವ ಮುಖ್ಯ ಪರದೆಯನ್ನು ಮಾತ್ರ ಕಾರ್ಡಿಗೇ ಬಿಡಬೇಕು. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಿಗೂ, 7000 ಸರಣಿಗಿಂತ ಹಿಂದಿನ ‘ಜಿ’ ಇಲ್ಲದ ಡೆಸ್ಕ್‌ಟಾಪ್ ರೈಝನ್‌ಗಳಿಗೂ ಒಳಗಿನ ಗ್ರಾಫಿಕ್ಸ್ ಇಲ್ಲದ ಕಾರಣ ಅಲ್ಲಿ ಈ ಉಪಾಯ ನಡೆಯದು.

ಕಾರ್ಡಿಲ್ಲದೆ ಬರೀ ಮದರ್‌ಬೋರ್ಡಿನ ಮೇಲೆ ಮೂರು ಮಾನಿಟರ್ ಹಚ್ಚುವವರೂ ಮಿತಿ ತಿಳಿದಿರಬೇಕು. ಇಂಟೆಲ್‌ನ 2ನೇ ತಲೆಮಾರಿನ ಪ್ರೊಸೆಸರುಗಳು ಎರಡಕ್ಕೇ ನಿಲ್ಲುತ್ತವೆ. 2012ರ 3ನೇ ತಲೆಮಾರಿನಿಂದ ಮೂರು ಸಾಧ್ಯ. ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರುಗಳಲ್ಲಿ ಎರಡೂ ತಲೆಮಾರಿನವು ಹೊರಗಿನಿಂದ ಒಂದೇ ತರಹ ಕಾಣುತ್ತವೆ.

ಜಿಟಿಎಕ್ಸ್ 1050 ಟಿಐ ಎಂಬ ಹೆಸರಿಟ್ಟು ಅಗ್ಗಕ್ಕೆ ಮಾರಿದ ಕಾರ್ಡಿನಲ್ಲಿ ಈ ‘ಎರಡೇ ಪರದೆ’ ಲಕ್ಷಣ ಕಂಡರೆ ಅದನ್ನು ಬೇರೆಯಾಗಿಯೇ ನೋಡಬೇಕು. ಮೇಲೆ ಹೇಳಿದ 400 ಮತ್ತು 500 ಸರಣಿಯ ಹಳೆ ಚಿಪ್‌ಗಳಿಗೆ ಕಾರ್ಡಿನೊಳಗಿನ ಬಯೋಸ್ ತಂತ್ರಾಂಶ ಬದಲಿಸಿ ಹೊಸ ಹೆಸರು ಕೊಟ್ಟು ಮಾರುವ ದಂಧೆ ಇದೆ. ಹೆಸರು ವಿಂಡೋಸ್‌ನಲ್ಲಿಯೂ ಹೊಸದಾಗಿಯೇ ಕಾಣುತ್ತದೆ, ಆದರೆ ಪರದೆಗಳ ಮಿತಿ ಹಳೆಯದೇ ಉಳಿಯುತ್ತದೆ. ಆ ಹೆಸರಿನ ಕಾರ್ಡಿನ ಮೇಲೆ ನೀಲಿ ವಿಜಿಎ ಕಿಂಡಿ ಕಂಡರೆ ಸಂಶಯ ಗಟ್ಟಿಯಾಗಬೇಕು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ 2018ರಿಂದ ಇಂಥ ಕಾರ್ಡುಗಳ ಹೆಸರಿನ ಮುಂದೆ ‘ಫೇಕ್’ ಎಂದು ತೋರಿಸುತ್ತದೆ. ಇದಕ್ಕೆ ರಿಪೇರಿ ಇಲ್ಲ, ವಾಪಸ್ ಮಾಡುವುದೊಂದೇ ದಾರಿ.

ಲಕ್ಷಣ: ಕನ್ವರ್ಟರ್ ಹಾಕಿದರೂ ಪರದೆ ಕಪ್ಪು

ಕನ್ವರ್ಟರುಗಳಿಗೆ ದಿಕ್ಕು ಇದೆ. ಕಾರ್ಡಿನ ಡಿಸ್‌ಪ್ಲೇಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಹೋಗುವ ಅಗ್ಗದ ಕೇಬಲ್ಲನ್ನು ತಿರುಗಿಸಿ ಕಾರ್ಡಿನ ಎಚ್‌ಡಿಎಂಐಯಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟಿಗೆ ಹಚ್ಚಿದರೆ ಎರಡೂ ತುದಿ ಸರಿಯಾಗಿ ಕೂಡುತ್ತವೆ, ಚಿತ್ರ ಮಾತ್ರ ಎಂದಿಗೂ ಬರುವುದಿಲ್ಲ. ಆ ದಿಕ್ಕಿಗೆ ಚಿಪ್ ಇರುವ, ಸಾಮಾನ್ಯವಾಗಿ ಯುಎಸ್‌ಬಿಯಿಂದ ಕರೆಂಟ್ ತೆಗೆದುಕೊಳ್ಳುವ ಆಕ್ಟಿವ್ ಕನ್ವರ್ಟರ್ ಬೇಕು.

ಹಳೆಯ ವಿಜಿಎ ಮಾನಿಟರನ್ನು ಬಿಸಾಡಲು ಮನಸ್ಸಾಗದೆ ಮೂರನೆಯದಾಗಿ ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳ, ಅದರಲ್ಲಿ ತಪ್ಪೇನೂ ಇಲ್ಲ. ವಿಜಿಎ ಅನಲಾಗ್ ಸಿಗ್ನಲ್ ಎಂಬುದನ್ನು ಮಾತ್ರ ನೆನಪಿಡಬೇಕು. ಕಾರ್ಡಿನ ಡಿವಿಐ ಕಿಂಡಿಯ ಒಂದು ಬದಿಗೆ ಚಪ್ಪಟೆ ಸೀಳು ಇರುತ್ತದೆ. ಅದರ ಮೇಲೆರಡು ಕೆಳಗೆರಡು ಸಣ್ಣ ರಂಧ್ರಗಳಿದ್ದರೆ ಅದು ಡಿವಿಐ-ಐ, ಅಲ್ಲಿಂದ ಅಗ್ಗದ ತುಂಡಿನ ಮೂಲಕ ವಿಜಿಎ ಸಿಗುತ್ತದೆ. ಸೀಳೊಂದೇ ಇದ್ದು ಸುತ್ತ ರಂಧ್ರಗಳಿಲ್ಲದಿದ್ದರೆ ಅದು ಡಿವಿಐ-ಡಿ, ಅಲ್ಲಿ ಅನಲಾಗ್ ಇಲ್ಲವೇ ಇಲ್ಲ. 2016ರಲ್ಲಿ ಬಂದ ಜಿಟಿಎಕ್ಸ್ 10 ಸರಣಿಯಿಂದ ಎನ್‌ವಿಡಿಯಾ ಅನಲಾಗ್ ಸಿಗ್ನಲ್ಲನ್ನು ಕೈಬಿಟ್ಟಿದೆ. ಅಂಥ ಕಾರ್ಡಿಗೆ ಚಿಪ್ ಇರುವ ಡಿಸ್‌ಪ್ಲೇಪೋರ್ಟ್-ವಿಜಿಎ ಅಥವಾ ಎಚ್‌ಡಿಎಂಐ-ವಿಜಿಎ ಕನ್ವರ್ಟರೇ ಬೇಕು.

ಲಕ್ಷಣ: ಎರಡು ಪರದೆಗಳಲ್ಲೂ ಒಂದೇ ಚಿತ್ರ

ವಿಂಡೋಸ್‌ನಲ್ಲಿ ‘ಡುಪ್ಲಿಕೇಟ್’ ಆಗಿದ್ದರೆ ‘ಎಕ್ಸ್‌ಟೆಂಡ್’ ಮಾಡಿದರೆ ಮುಗಿಯಿತು. ನಡುವೆ ಎಚ್‌ಡಿಎಂಐ ಸ್ಪ್ಲಿಟರ್ ಇದ್ದರೆ ಯಾವ ಸೆಟ್ಟಿಂಗೂ ಫಲ ಕೊಡುವುದಿಲ್ಲ, ಏಕೆಂದರೆ ಸ್ಪ್ಲಿಟರ್ ಇರುವುದೇ ಒಂದು ಚಿತ್ರವನ್ನು ಎರಡು ಕಡೆ ತೋರಿಸಲು. ಒಂದು ಪೋರ್ಟಿನಿಂದ ಬೇರೆ ಬೇರೆ ಚಿತ್ರ ಬೇಕಿದ್ದರೆ ಡಿಸ್‌ಪ್ಲೇಪೋರ್ಟಿಗೆ ಎಂಎಸ್‌ಟಿ ಹಬ್ ಸಿಗುತ್ತದೆ. ಅದಕ್ಕೆ ಹಚ್ಚಿದ ಪ್ರತಿ ಮಾನಿಟರ್ ಕಾರ್ಡಿನ ಒಟ್ಟು ಮಿತಿಯಲ್ಲೇ ಎಣಿಕೆಯಾಗುತ್ತದೆ. ಯುಎಸ್‌ಬಿಯಿಂದ ಎಚ್‌ಡಿಎಂಐ ಕೊಡುವ ಡಿಸ್‌ಪ್ಲೇಲಿಂಕ್ ಅಡಾಪ್ಟರುಗಳು ಈ ಮಿತಿಯ ಹೊರಗಿವೆ, ಲೆಕ್ಕಪತ್ರಕ್ಕೂ ಇಮೇಲ್‌ಗೂ ಸಾಲುತ್ತವೆ. ವಿಡಿಯೊ ಕೆಲಸಕ್ಕೆ ಅವುಗಳನ್ನು ನಂಬುವುದು ಬೇಡ.

ಲಕ್ಷಣ: ಚಿತ್ರ ಬರುತ್ತದೆ, ಆದರೆ ಮಿಣುಗುತ್ತದೆ ಅಥವಾ ಮೌಸ್ ತೆವಳುತ್ತದೆ

4ಕೆ ಮಾನಿಟರಿನಲ್ಲಿ ಮಾತ್ರ ಮೌಸ್ ತಡವರಿಸಿದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ ನೋಡಬೇಕು. 30 ಹರ್ಟ್ಝ್ ಎಂದಿದ್ದರೆ ಸಂಪರ್ಕ ಎಚ್‌ಡಿಎಂಐ 1.4 ಮಟ್ಟದಲ್ಲಿದೆ. 4ಕೆಯನ್ನು 60 ಹರ್ಟ್ಝ್‌ನಲ್ಲಿ ನಡೆಸಲು ಕಾರ್ಡ್, ಕೇಬಲ್, ಮಾನಿಟರ್ ಮೂರೂ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಆಗಿರಬೇಕು. ಪರದೆ ಆಗಾಗ ಎರಡು ಸೆಕೆಂಡು ಕಪ್ಪಾಗಿ ಮರಳಿ ಬರುವುದು ಹೆಚ್ಚಾಗಿ ಉದ್ದದ, ಕಳಪೆ ಕೇಬಲ್ಲಿನ ಲಕ್ಷಣ. ಗಿಡ್ಡ ಕೇಬಲ್ ಹಚ್ಚಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ.

ಲಕ್ಷಣ: ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರೇ ಚಾಲೂ ಆಗುತ್ತಿಲ್ಲ

ಕಾರ್ಡ್ ತೆಗೆದು, ಮಾನಿಟರನ್ನು ಮದರ್‌ಬೋರ್ಡಿಗೆ ಹಚ್ಚಿ ನೋಡಬೇಕು. ಆಗ ಚಾಲೂ ಆದರೆ ಕಾರ್ಡನ್ನು ಸ್ಲಾಟಿನ ಕೊನೆಯ ಕೊಕ್ಕೆ ‘ಟಕ್’ ಎನ್ನುವವರೆಗೆ ಮತ್ತೊಮ್ಮೆ ಕೂಡಿಸಬೇಕು, ಮತ್ತು ಕಾರ್ಡಿನ ಮೇಲೆ 6 ಅಥವಾ 8 ಪಿನ್ನಿನ ಕಿಂಡಿ ಇದ್ದರೆ ಅದಕ್ಕೆ ಎಸ್‌ಎಂಪಿಎಸ್‌ನಿಂದ ವೈರ್ ಬಂದಿದೆಯೇ ನೋಡಬೇಕು. ಸ್ಲಾಟ್ ಒಂದೇ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಇನ್ನೂ 75, 8 ಪಿನ್ 150 ವ್ಯಾಟ್ ಕೊಡುತ್ತದೆ. ಹಳೆ ವೈರ್‌ಗಳನ್ನು ಜೋಡಿಸುವ ಅಗ್ಗದ ಕನ್ವರ್ಟರಿನಿಂದ 8 ಪಿನ್ ಕಾರ್ಡ್ ನಡೆಸುವುದು ಬೇಡ. ಅದರ ಜೋಡಣೆ ಬಿಸಿಯಾಗಿ ಸುಡುತ್ತದೆ.

ಸ್ಲಿಮ್ ಕ್ಯಾಬಿನೆಟ್‌ನ ಸೆಕೆಂಡ್ ಹ್ಯಾಂಡ್ ಕಂಪ್ಯೂಟರುಗಳಲ್ಲಿ ಅನೇಕವಕ್ಕೆ ಈ ಹೆಚ್ಚುವರಿ ವೈರೇ ಇರುವುದಿಲ್ಲ, ಎಸ್‌ಎಂಪಿಎಸ್ ಅಳತೆಯೂ ಬೇರೆಯಾದ್ದರಿಂದ ಪೇಟೆಯ ಮಾಮೂಲಿ ಎಸ್‌ಎಂಪಿಎಸ್ ಅದರಲ್ಲಿ ಕೂಡುವುದಿಲ್ಲ. ಅಲ್ಲಿ ಲೋ ಪ್ರೊಫೈಲ್ (ಎತ್ತರ ಕಡಿಮೆಯ) ಕಾರ್ಡನ್ನೇ ಹುಡುಕಬೇಕು, ಜೊತೆಗೆ ಅದನ್ನು ಕ್ಯಾಬಿನೆಟ್‌ಗೆ ಬಿಗಿಯುವ ಗಿಡ್ಡ ಲೋಹದ ಪಟ್ಟಿ ಪೆಟ್ಟಿಗೆಯಲ್ಲಿದೆಯೇ ಎಂದು ಕೇಳಿ ಪಡೆಯಬೇಕು.

ವೈರ್ ಎಲ್ಲ ಸರಿ ಇದ್ದೂ ಪರದೆ ಹತ್ತದಿದ್ದರೆ ಬಯೋಸ್ ನೋಡಬೇಕು. ಯುಇಎಫ್‌ಐ (ಹೊಸ ಬಗೆಯ ಬಯೋಸ್) ಬೆಂಬಲವಿಲ್ಲದ ಹಳೆಯ ಕಾರ್ಡ್ ‘ಸಿಎಸ್‌ಎಂ’ (ಹಳೆಯ ಭಾಗಗಳಿಗೆ ಹೊಂದಿಕೊಳ್ಳುವ ಆಯ್ಕೆ) ಬಂದ್ ಇರುವ ಹೊಸ ಬೋರ್ಡಿನಲ್ಲಿ ಚಿತ್ರ ಕೊಡುವುದಿಲ್ಲ. ಇನ್ನು, ಕಂಪ್ಯೂಟರ್ ಆರಿಸಿದ್ದರೂ ಬೋರ್ಡಿನ ದೀಪ ಮಂಕಾಗಿ ಉರಿಯುತ್ತಿದ್ದು, ಮಾನಿಟರಿನ ಡಿಸ್‌ಪ್ಲೇಪೋರ್ಟ್ ಕೇಬಲ್ ಕಿತ್ತ ಕೂಡಲೇ ಸರಿಯಾಗಿ ಚಾಲೂ ಆಗುವ ವಿಚಿತ್ರ ದೋಷವೊಂದಿದೆ. ಅಗ್ಗದ ಕೇಬಲ್ಲುಗಳಲ್ಲಿ ಜೋಡಿಸಬಾರದ 20ನೇ ಪಿನ್ನನ್ನು ಜೋಡಿಸಿರುತ್ತಾರೆ, ಅದರಿಂದ ಮಾನಿಟರಿನ 3.3 ವೋಲ್ಟ್ ಉಲ್ಟಾ ಕಾರ್ಡಿಗೆ ಹರಿಯುತ್ತದೆ. ಕೇಬಲ್ ಬದಲಿಸುವುದೇ ಇದಕ್ಕೆ ಪರಿಹಾರ.

ಲಕ್ಷಣ: ಕೆಲಸದ ನಡುವೆ ಎಲ್ಲ ಪರದೆಗಳೂ ಒಟ್ಟಿಗೆ ಆರುತ್ತವೆ

ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ‘ಬಿ’ ಒತ್ತಿದಾಗ ಪರದೆಗಳು ಮರಳಿದರೆ ದೋಷ ಡ್ರೈವರಿನದು, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶದ್ದು. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಡ್ರೈವರ್ ಕೂತೇ ಇಲ್ಲ. ಎರಡು ಎನ್‌ವಿಡಿಯಾ ಕಾರ್ಡ್ ಒಟ್ಟಿಗೆ ಹಾಕಿದವರು ಎರಡೂ ಒಂದೇ ಡ್ರೈವರಿನಲ್ಲಿ ನಡೆಯುತ್ತವೆಯೇ ನೋಡಬೇಕು. ಜಿಟಿ 710ರಂಥ ಕೆಪ್ಲರ್ ತಲೆಮಾರಿನ ಕಾರ್ಡುಗಳಿಗೆ ಹೊಸ ಡ್ರೈವರ್ 2021ರಲ್ಲೇ ನಿಂತಿರುವುದರಿಂದ ಅದನ್ನು ಹೊಸ ಆರ್‌ಟಿಎಕ್ಸ್ ಜೊತೆ ಜೋಡಿಸುವುದು ಕಷ್ಟಕ್ಕೆ ಆಹ್ವಾನ.

ಡ್ರೈವರ್ ಸರಿಯಿದ್ದರೆ ಶಾಖ ನೋಡಬೇಕು. ವಿಜಯಪುರ, ಬಾಗಲಕೋಟೆಗಳ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕಪ್ಪು ಮಣ್ಣಿನ ನಯವಾದ ಧೂಳು ಫ್ಯಾನಿನ ಎಸಳುಗಳ ಹಿಂದೆ ಹೀಟ್‌ಸಿಂಕಿನ ಬಾಯಲ್ಲಿ ಕಂಬಳಿಯಂತೆ ಕೂಡುತ್ತದೆ, ಹೊರಗಿನಿಂದ ಅದು ಕಾಣುವುದೇ ಇಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯಬೇಕು. ರಿಫ್ರೆಶ್ ರೇಟ್ ಬೇರೆ ಬೇರೆ ಇರುವ ಮಾನಿಟರುಗಳನ್ನು ಒಟ್ಟಿಗೆ ನಡೆಸಿದಾಗ ಕೆಲವು ಕಾರ್ಡುಗಳ ಮೆಮೊರಿ ವೇಗ ಕೆಲಸವಿಲ್ಲದಾಗಲೂ ಇಳಿಯುವುದಿಲ್ಲ, ಕಾರ್ಡ್ ಸುಮ್ಮನೆ ಬಿಸಿಯಾಗಿರುತ್ತದೆ. ಎಲ್ಲವನ್ನೂ 60 ಹರ್ಟ್ಝ್‌ಗೆ ತಂದು ನೋಡಬಹುದು. ಸುಟ್ಟ ವಾಸನೆ ಬಂದರೆ, ಕೆಪಾಸಿಟರ್ ಉಬ್ಬಿದ್ದರೆ, ಚಿತ್ರದಲ್ಲಿ ಬಣ್ಣದ ಚೌಕುಳಿಗಳು ಬಯೋಸ್ ಪರದೆಯಲ್ಲೇ ಕಂಡರೆ ಅಲ್ಲಿಗೆ ನಿಲ್ಲಿಸಬೇಕು, ಮುಂದಿನದು ಸರ್ವಿಸ್‌ನವರ ಕೆಲಸ. ಕಾರ್ಡನ್ನು ಓವನ್ನಿನಲ್ಲಿಟ್ಟು ಬಿಸಿ ಮಾಡುವ ವಿಡಿಯೊಗಳನ್ನು ನೋಡಿ ಅಡುಗೆಮನೆಯಲ್ಲಿ ಪ್ರಯೋಗಕ್ಕೆ ಇಳಿಯಬಾರದು.

ಲಕ್ಷಣ: ಕ್ಯಾಬಿನೆಟ್ ಅಥವಾ ಕೇಬಲ್ ಮುಟ್ಟಿದರೆ ಜುಮ್ ಎನ್ನುತ್ತದೆ

ಇಲ್ಲಿ ಪರೀಕ್ಷೆ ಮುಂದುವರಿಸಬಾರದು. ಅರ್ಥಿಂಗ್ ಇಲ್ಲದ ಸಾಕೆಟ್ಟಿನಲ್ಲಿ ಕಂಪ್ಯೂಟರ್, ಬೇರೆ ಸಾಕೆಟ್ಟಿನಲ್ಲಿ ಮಾನಿಟರ್ ಇದ್ದಾಗ ಎರಡರ ನಡುವಿನ ಕರೆಂಟ್ ಎಚ್‌ಡಿಎಂಐ ಕೇಬಲ್ಲಿನ ಮೂಲಕವೇ ದಾರಿ ಹುಡುಕುತ್ತದೆ. ಕೇಬಲ್ ಹಚ್ಚುವಾಗ ಕಿಡಿ ಕಂಡು, ಆಮೇಲೆ ಕಾರ್ಡಿನ ಅದೊಂದೇ ಪೋರ್ಟ್ ಸಾಯುವುದು ಹೀಗೆ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡ್ ತೆಗೆದು, ಕಂಪ್ಯೂಟರ್ ಮತ್ತು ಎಲ್ಲ ಮಾನಿಟರುಗಳನ್ನು ಮೂರು ಪಿನ್ನಿನ ಒಂದೇ ಸ್ಪೈಕ್ ಬಸ್ಟರಿಗೆ ತರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಮೀಟರಿನಿಂದ ಅಳೆಯಲು ವೈರ್‌ಮನ್‌ನನ್ನು ಕರೆಸಬೇಕು, ಟೆಸ್ಟರ್ ದೀಪವನ್ನು ನೋಡಿ ತೀರ್ಮಾನಿಸುವುದು ಸಾಲದು. ಇದು ಸರಿಯಾಗದೆ ಹೊಸ ಕಾರ್ಡ್ ಹಾಕಿದರೆ ಅದೂ ಉಳಿಯುವುದಿಲ್ಲ.

ಕಾರ್ಡ್ ಕೊಳ್ಳಲೇಬೇಕಾದಾಗ

ಮೊದಲು ಬರೆದ ಹಾಳೆಯನ್ನು ಅಂಗಡಿಗೆ ಒಯ್ಯಬೇಕು. ನಕ್ಷೆ, ಲೆಕ್ಕ, ಷೇರು ಪರದೆಗಳಿಗೆ ಆಟದ ಕಾರ್ಡ್ ಬೇಕಿಲ್ಲ. ಎನ್‌ವಿಡಿಯಾದ ಕ್ವಾಡ್ರೊ ಪಿ620 ಮತ್ತು ಟಿ600 ಕಾರ್ಡುಗಳಿಗೆ ನಾಲ್ಕು, ಪಿ400 ಮತ್ತು ಟಿ400ಕ್ಕೆ ಮೂರು ಮಿನಿ ಡಿಸ್‌ಪ್ಲೇಪೋರ್ಟ್‌ಗಳಿವೆ. ಎಲ್ಲವೂ ಲೋ ಪ್ರೊಫೈಲ್, ಬಳಸುವುದು 40 ವ್ಯಾಟಿನೊಳಗೆ, ಹೆಚ್ಚುವರಿ ವೈರ್ ಬೇಡ. ಆದ್ದರಿಂದ ಸ್ಲಿಮ್ ಕ್ಯಾಬಿನೆಟ್‌ನವರಿಗೆ ಇವುಗಳಿಗಿಂತ ಚೆನ್ನಾಗಿ ಹೊಂದುವುದು ಕಡಿಮೆ. ಮಿನಿ ಪೋರ್ಟಿನಿಂದ ಮಾನಿಟರಿಗೆ ಬೇಕಾದ ಕೇಬಲ್ಲುಗಳ ಖರ್ಚನ್ನು ಮಾತ್ರ ಬೆಲೆಗೆ ಕೂಡಿಸಿ ನೋಡಬೇಕು. ದೊಡ್ಡ ಕ್ಯಾಬಿನೆಟ್ ಇದ್ದು ವಿಡಿಯೊ ಕೆಲಸವೂ ನಡೆಯುವುದಿದ್ದರೆ ಆರ್‌ಟಿಎಕ್ಸ್ 3050ರಂಥ ನಾಲ್ಕು ಪರದೆ ನಡೆಸುವ ಕಾರ್ಡಿಗೆ ಹೋಗಬಹುದು, ಕೊಳ್ಳುವ ಮಾದರಿಯ ಮೇಲೆ ಎಷ್ಟು ಕಿಂಡಿಗಳಿವೆ ಎಂದು ಎಣಿಸಿಕೊಂಡೇ. ಸ್ಲಾಟಿನ ತಲೆಮಾರಿನ ಬಗ್ಗೆ ಹೆಚ್ಚು ಚಿಂತೆ ಬೇಡ. ಪಿಸಿಐ ಎಕ್ಸ್‌ಪ್ರೆಸ್ 3.0 ಕಾರ್ಡ್ 2.0 ಸ್ಲಾಟಿನಲ್ಲೂ ನಡೆಯುತ್ತದೆ.

ಹುಬ್ಬಳ್ಳಿಯಿಂದ ತರಿಸಿದರೂ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದರೂ, ಆನ್‌ಲೈನ್‌ನಲ್ಲಿ ಕೊಂಡರೂ, ಕಾರ್ಡ್ ಕೈಗೆ ಬಂದ ದಿನವೇ ಎಲ್ಲ ಮಾನಿಟರುಗಳನ್ನೂ ಒಟ್ಟಿಗೆ ಹಚ್ಚಿ, ಎಲ್ಲದರ ಮೇಲೂ ಬೇರೆ ಬೇರೆ ವಿಂಡೋ ತೆರೆದು, ಅರ್ಧ ದಿನ ನಡೆಸಿ ನೋಡಬೇಕು. ಅಂಗಡಿಯ ಮೇಜಿನ ಮೇಲೆ ಒಂದೇ ಮಾನಿಟರ್ ಹಚ್ಚಿ ‘ಓಕೆ ಇದೆ’ ಎಂದು ತೋರಿಸಿದ್ದು ಉಳಿದ ಪೋರ್ಟುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ವಾಪಸಿನ ಅವಧಿ ಮುಗಿಯುವವರೆಗೆ ಪೆಟ್ಟಿಗೆ, ಬಿಲ್ಲು, ಗಿಡ್ಡ ಪಟ್ಟಿ ಮತ್ತು ಪೋರ್ಟಿನ ಮುಚ್ಚಳಗಳನ್ನು ಒಂದೇ ಚೀಲದಲ್ಲಿ ಇಟ್ಟಿರಬೇಕು.